ಕೊಡಲಿ ಗುರುತಿನ ಕುಡಿಕೆ

ಬೆಳಗಿನ ಜಾವ ಪೀರ್ ಸಾಬರಿಗೆ ಕುಡಿಕೆಗಳದೇ ಕೆಲಸ. ಶಿರಾಳಕೊಪ್ಪದಲ್ಲಿ ಬಸ್ಸು ನಿಲ್ಲುವ ಕಡೆ, ತಗಡಿನ ಚಪ್ಪರದ ಕೆಳಗೆ ಕೂತು, ಹಗ್ಗಕ್ಕೆ ಸಾಲಾಗಿ ಕಟ್ಟಿದ ಮಣ್ಣಿನ ಕುಡಿಕೆಗಳನ್ನು ಒಂದೊಂದಾಗಿ ಇಳಿಸಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಎದುರಿಗೆ ಹೆಂಡತಿ ಖುರ್ಷೀದ್ ಬೀ ಶುಂಠಿಯ ಸಿಪ್ಪೆ ಕೆರೆಯುತ್ತಾರೆ. ಒರೆಸಿದ ಕುಡಿಕೆಗಳು ಒಲೆಯ ಬಳಿಗೆ ಹೋಗುತ್ತವೆ. ಒಂದು ಮಾತ್ರ ಮತ್ತೆ ಹಗ್ಗಕ್ಕೇ ಹೋಗುತ್ತದೆ. ಅದರ ಹೊಟ್ಟೆಯ ಮೇಲೆ ಮೊಳೆಯಿಂದ ಗೀರಿದ ಕೊಡಲಿಯ ಗುರುತಿದೆ.

ಅಂಗಡಿಗೆ ಹೆಸರಿಲ್ಲ. ಸಂತೆಗೆ ಬರುವವರು ‘ಚೀನಾ ಸಾರಿನ ಸಾಬರು’ ಎನ್ನುತ್ತಾರೆ. ಮೀಸೆ ಮೂಡುವ ಮೊದಲೇ ರಂಗೂನಿಗೆ ಹೋದ ಪೀರ್ ಸಾಬರು, ಅಲ್ಲಿ ಬೀದಿ ಬದಿಯಲ್ಲಿ ಸಾರು ಮಾರುತ್ತಿದ್ದ ಚೀನೀ ಮುದುಕನೊಬ್ಬನ ಒಲೆ ಊದುತ್ತ ಈ ಅಡುಗೆ ಕಲಿತರು. ಕೋಳಿಯ ಮೂಳೆ, ಶುಂಠಿ, ಬೆಳ್ಳುಳ್ಳಿ, ಕಾಳುಮೆಣಸು ಹಾಕಿ ಸಣ್ಣ ಉರಿಯಲ್ಲಿ ಕುದಿಸಿದ ತಿಳಿಸಾರು. ಅದೇ ಸಾರಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಕುಡಿಕೆಯಲ್ಲಿ ಬೆಂದು, ತಳದಲ್ಲಿ ಗರಿಗರಿಯಾಗುವ ಅನ್ನ. ಮುದುಕ ಹಾಕುತ್ತಿದ್ದ ಕಪ್ಪು ರಸ ಇಲ್ಲಿ ಸಿಗುವುದಿಲ್ಲ. ಅದಕ್ಕೇ ಬೆಲ್ಲ ಸುಟ್ಟು, ಉಪ್ಪು ಬೆರೆಸಿ ಹನಿಸುತ್ತಾರೆ.

“ಮೊದಮೊದಲು ಯಾರೂ ಮೂಸ್ಲಿಲ್ಲ ನೋಡ್ರಿ,” ಎನ್ನುತ್ತಾರೆ ಸಾಬರು. “ಖಾರ ಇಲ್ಲದ ಸಾರು ಬಾಣಂತೀರಿಗೆ ಮಾರ್ರಿ ಅಂತ ನಗಾಡೋರು.”

ನಕ್ಕವರಿಗೆ ಇನ್ನೊಂದು ಅಳುಕೂ ಇತ್ತು. ಸಾಬರ ಪಾತ್ರೆಯಲ್ಲಿ ಉಣ್ಣುವುದು ಹೇಗೆ? ದಾರಿ ಕಂಡುಹಿಡಿದವನು ಕ್ಯಾಸನೂರು ಕಡೆಯ ಸೌದೆ ಕಡಿಯುವ ಹುಚ್ಚರಾಯಪ್ಪ. ಸಂತೆಯಲ್ಲಿ ಹೊಸ ಕುಡಿಕೆ ಕೊಂಡು, ಕೊಡಲಿ ಗೀರಿ, ಸಾಬರ ಮುಂದಿಟ್ಟ. “ಇದು ನಂದು. ಇದ್ರಾಗೇ ಬೇಯ್ಸಿ, ಇದ್ರಾಗೇ ಕೊಡ್ರಿ. ಇನ್ನ ಯಾವನು ಏನಂತಾನೆ ನೋಡ್ತೀನಿ.” ಅವನ ಹಿಂದೆ ಗಾಡಿ ಹೊಡೆಯುವ ಆನಂದಪ್ಪ ಚಕ್ರ ಗೀರಿಕೊಂಡು ಬಂದ. ನೋಡನೋಡುತ್ತ ಹಗ್ಗ ತುಂಬಿತು.

ಸಂತೆಯ ದಿನ ಹುಚ್ಚರಾಯಪ್ಪ ಮೊದಲ ಬಸ್ಸಿಗೇ ಬರುವವನು. ಅವನು ಇಳಿಯುವ ಹೊತ್ತಿಗೆ ಅನ್ನ ಬೆಂದಿರಲೆಂದು ಅವನ ಕುಡಿಕೆಯನ್ನು ಮೊದಲೇ ಒಲೆಗೇರಿಸುವುದು ಸಾಬರ ರೂಢಿ. ಹೋದ ವರ್ಷ ಕಾಡಿನಲ್ಲಿ ಮಂಗಗಳು ಸತ್ತು ಬೀಳುತ್ತಿದ್ದವು, ಊರುಗಳಲ್ಲಿ ಜ್ವರ ಎದ್ದಿತ್ತು. ಆಗಲೂ ಒಂದು ಸಂತೆಯಂದು ಹಾಗೇ ಏರಿಸಿದರು. ಬಸ್ಸು ಬಂತು. ಇಳಿದದ್ದು ಕಂಡಕ್ಟರ್ ಒಬ್ಬನೇ. “ಹುಚ್ಚರಾಯಪ್ಪ ಜ್ವರದಾಗೆ ಹೋಗ್ಬಿಟ್ಟ, ಸಾಬ್ರೆ,” ಎಂದ. ಕುಡಿಕೆಯ ಅನ್ನ ಕರಕಲಾಗಿ ಹೊಗೆ ಏಳುವವರೆಗೂ ಪೀರ್ ಸಾಬರು ಒಲೆಯ ಕಡೆಗೆ ಕೈ ಚಾಚಲಿಲ್ಲ.

ಅಂದಿನಿಂದ ಅದು ಹಗ್ಗದಲ್ಲಿ ತೂಗುತ್ತಿದೆ. ಒಬ್ಬೊಬ್ಬರಾಗಿ ಗಿರಾಕಿಗಳು ತಮ್ಮ ಕುಡಿಕೆಗಳನ್ನು ಬಿಚ್ಚಿಕೊಂಡು ಹೋಗುತ್ತಿದ್ದಾರೆ. ಇವತ್ತು ಆನಂದಪ್ಪ ಬಂದವನು ಕೂರುವುದೇ ಇಲ್ಲ.

“ಇನ್ನೂ ಒಡೆದಿಲ್ವೇನ್ರೀ ಅದನ್ನ? ಜ್ವರ ಅದ್ರಾಗೇ ಕುಂತೈತೆ ಅಂತಾರೆ ಜನ.”

“ಬೆಂಕಿ ಮ್ಯಾಲೆ ಕುಂತಿದ್ದ ಮಡಿಕೆ ಅದು. ಜ್ವರ ಎಲ್ಲಿ ಕೂರ್ತೈತೋ ಆನಂದಪ್ಪ?”

“ನಂಗೇನು ಗೊತ್ರೀ? ಮನೇಲಿ ಆಕಿ ಒಳಗೇ ಬಿಟ್ಕೊಳ್ಳಲ್ಲ ಅಂತಾಳೆ. ಒಂದೇಟು ಹಾಕ್ರಿ, ನಾಳೆಗೆ ಎಲ್ರೂ ಬರ್ತಾರೆ.”

“ನಾನೂ ಅದನ್ನೇ ಹೇಳೀನಿ,” ಎನ್ನುತ್ತಾರೆ ಖುರ್ಷೀದ್ ಬೀ, ತಲೆ ಎತ್ತದೆ. “ಹಗ್ಗ ಬರಿದಾದ್ರೆ ಒಲೆ ಯಾರಿಗೆ ಹಚ್ಚೋದು?”

ಪೀರ್ ಸಾಬರು ಬಟ್ಟೆ ಹಿಂಡುತ್ತಾರೆ. “ಸತ್ತೋರ ಹೆಸರಲ್ಲಿ ಮಡಿಕೆ ಒಡೆಯೋದು ಅವರ ಮನೆಯೋರು. ನಾನ್ಯಾರು ಒಡೆಯಾಕೆ? ರಂಗೂನಿಗೆ ಬಾಂಬ್ ಬಿದ್ದಾಗ ನಂದೂ ಒಂದು ಕುಡಿಕೆ ಚೀನಾ ಮುದುಕನ ಹತ್ರ ಬಿಟ್ಟು ಓಡಿ ಬಂದೆ. ಜೊತೇಲಿ ಹೊರಟೋರು ದಾರೀಲೇ ಬಿದ್ರು. ಆ ಮುದುಕ ನನ್ನ ಕುಡಿಕೆ ಒಡೆದಿರಾಕಿಲ್ಲ ಅಂತ ಈಗ್ಲೂ ಅನ್ಸತೈತೆ.”

ಆನಂದಪ್ಪ ಅವರ ಮುಖ ನೋಡದೆ ಚಕ್ರದ ಕುಡಿಕೆಯನ್ನು ಎತ್ತಿ ಟವಲಿನಲ್ಲಿ ಸುತ್ತಿಕೊಳ್ಳುತ್ತಾನೆ. ಗಾಡಿಯ ಸದ್ದು ದೂರವಾಗುತ್ತದೆ.

ಪೀರ್ ಸಾಬರು ಒಮ್ಮೆ ಕೊಡಲಿಯ ಕುಡಿಕೆ ಹಿಡಿದು ತಾವೇ ಕ್ಯಾಸನೂರು ಕಡೆಗೆ ಹೋಗಿದ್ದರು. ಜ್ವರದ ಅಂಜಿಕೆಯಲ್ಲಿ ಊರವರು ಹೊರಗೇ ತಡೆದರು. ಬೇಕಿದ್ದರೆ ಹುಚ್ಚರಾಯಪ್ಪನ ಹೆಂಡತಿ ಗುತ್ಯಮ್ಮನೇ ಬಂದು ಒಯ್ಯಲಿ ಎಂದರು. ಆಕೆಗೆ ಆ ಮಾತನ್ನು ಯಾರಾದರೂ ಹೇಳಿದರೋ ಇಲ್ಲವೋ, ತಿಳಿಯದು.

ಸೊರಬದ ಕಡೆ ಹೋಗುವ ಬಸ್ಸು ಬಂದು ನಿಲ್ಲುತ್ತದೆ. ಸಾಬರು ಕೈ ಒರೆಸಿಕೊಂಡು ಎದ್ದು ಕಿಟಕಿಯ ಹತ್ತಿರ ಹೋಗುತ್ತಾರೆ.

“ಕ್ಯಾಸನೂರು ಕಡೆಯೋರು ಇದ್ದೀರೇನ್ರೀ?”

ಮೂಲೆಯಲ್ಲಿ ಕೂತ ಇಬ್ಬರು ಚೀಲಗಳನ್ನು ಮಡಿಲಿಗೆ ಎಳೆದುಕೊಂಡು ಆಚೆ ಕಡೆ ನೋಡುತ್ತಾರೆ. ಬಸ್ಸು ಗುರುಗುಡುತ್ತ ಹೊರಡುತ್ತದೆ. ಸಾಬರು ಅದರ ಜೊತೆಗೇ ನಾಲ್ಕು ಹೆಜ್ಜೆ ಹಾಕುತ್ತಾರೆ.

“ಗುತ್ಯಮ್ಮಗೆ ಹೇಳ್ರಿ. ಯಜಮಾನ್ರ ಕುಡಿಕೆ ಒರೆಸಿ ಇಟ್ಟೀನಿ. ಬಂದು ಒಯ್ಯಾಕೆ ಹೇಳ್ರಿ.”