ಐದು ಎಂಎಂ ಟಗ್ಗಿಗೆ ಎಂಟು ಎಂಎಂ ಮನೆ

2019ರಲ್ಲಿ ನಾನು ಗೌರಿಬಿದನೂರಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿ ವರ್ಕ್ಸ್ ಮ್ಯಾನೇಜರ್ ಆಗಿದ್ದೆ. ನೀರಿನ ಟ್ಯಾಂಕು, ಗೋದಾಮಿನ ಚಾವಣಿ, ರೇಷ್ಮೆ ಬಿಚ್ಚಣಿಕೆ ಘಟಕಗಳ ಬಾಯ್ಲರ್ ನಮ್ಮ ಕೆಲಸ. ಸಮುದ್ರದಿಂದ ಅಷ್ಟು ದೂರದಲ್ಲಿ ಕೂತು ಒಂದು ದೋಣಿಯನ್ನು ಹಾಳುಮಾಡಿದ್ದು ಹೇಗೆ ಎಂಬುದನ್ನು ನಾನು ಮೂರು ಬಗೆಯಲ್ಲಿ ಹೇಳಿಕೊಂಡು ಬಂದಿದ್ದೇನೆ. ಮೂರರಲ್ಲೂ ನಾನು ಒಳ್ಳೆಯವನು. ಇದು ನಾಲ್ಕನೆಯದು.

ಚಿಂತಾಮಣಿ ಕಡೆಯ ಸೊಣ್ಣಪ್ಪನವರಿಗೆ ಕಲ್ಲು ಕ್ವಾರಿ ಇತ್ತು. ಅವರು ಕರಾವಳಿಯಲ್ಲಿ ಹರಾಜಿಗೆ ಬಂದಿದ್ದ ಹಳೆಯ ಟಗ್ ಒಂದನ್ನು ಕೊಂಡರು. ದೊಡ್ಡ ಹಡಗುಗಳನ್ನು ಬಂದರಿನೊಳಗೆ ಎಳೆದು ತಳ್ಳುವ ಗಿಡ್ಡ, ಗಟ್ಟಿ ದೋಣಿಗೆ ಟಗ್ ಎನ್ನುತ್ತಾರೆ. ಇಪ್ಪತ್ತೆರಡು ಮೀಟರ್ ಉದ್ದದ ಅದನ್ನು ಅಂಡಮಾನಿನವರೆಗೆ ಹೋಗಿಬರುವ ಖಾಸಗಿ ಯಾಟ್, ಅಂದರೆ ವಿಹಾರದ ದೋಣಿ, ಮಾಡಬೇಕೆಂಬುದು ಅವರ ಆಸೆ. ಎಳೆಯುವ ಯಂತ್ರವನ್ನು ಕಿತ್ತು, ಆ ಜಾಗದಲ್ಲಿ ಮಲಗುವ ಕೋಣೆ, ಊಟದ ಕೋಣೆ, ಗಾಜಿನ ಹಜಾರ ಬರಬೇಕು. ಈ ಮೇಲುಮನೆಯನ್ನು ಮೂರು ತುಂಡುಗಳಾಗಿ ಮಾಡಿ ಟ್ರೇಲರ್‌ನಲ್ಲಿ ಕಳಿಸುವುದು ನಮ್ಮ ಪಾಲಿಗೆ ಬಂತು.

ಶೆಡ್ಡಿನವರಿಗೆ ತಿಂಗಳುಗಟ್ಟಲೆ ಅದೇ ತಮಾಷೆ. "ಎಲ್ಲಿ ಬಿಡ್ತೀರಾ ಸಾರ್, ಉತ್ತರ ಪಿನಾಕಿನಿಗಾ? ಅದರಾಗೆ ಎಮ್ಮೆ ಮೈ ತೊಳೆಯಕ್ಕೂ ನೀರಿಲ್ಲ" ಎನ್ನುತ್ತಿದ್ದರು.

ಕೆಲಸದ ಫೋರ್‌ಮನ್ ಅಲೀಪುರದ ಅಬ್ಬಾಸ್ ಸಾಬರು. ಹದಿನೆಂಟು ವರ್ಷ ನನ್ನ ಜೊತೆ ಇದ್ದವರು. ಬೆಸುಗೆಯ ಮೇಲೆ ಬೆರಳಾಡಿಸಿದರೆ ಒಳಗೆ ಎಲ್ಲಿ ಪೊಳ್ಳಿದೆ ಎಂದು ಹೇಳಬಲ್ಲರು ಎಂದು ನಾವು ನಂಬಿದ್ದೆವು. ಅದು ನಿಜವಾಗಿತ್ತೋ, ನಮ್ಮ ನಂಬಿಕೆ ಮಾತ್ರವೋ, ಈಗ ಹೇಳಲಾರೆ.

ಡ್ರಾಯಿಂಗ್‌ನಲ್ಲಿ ಐದು ಎಂಎಂ ದಪ್ಪದ ಪ್ಲೇಟ್ ಎಂದು ಸ್ಪಷ್ಟವಾಗಿ ಬರೆದಿತ್ತು. ಮೊದಲ ಗೋಡೆ ನಿಂತ ದಿನ ಸೊಣ್ಣಪ್ಪನವರು ಬಂದು ಗೆಣ್ಣಿನಿಂದ ಅದನ್ನು ಬಡಿದರು.

"ಏಮಿ ಸಾರ್, ಇದು ಸೀಮೆಎಣ್ಣೆ ಡಬ್ಬಾ ಬಡ್ದಂಗೆ ಬಡ್ಕೊಂತೈತೆ? ನಾನು ಕೂರೋದು ಸಮುದ್ರದಾಗೆ ಕಣಪ್ಪ."

ನಮ್ಮ ಸೀಮೆಯಲ್ಲಿ ಭಾರವಾದದ್ದೇ ಗಟ್ಟಿ. ಕಲ್ಲು ಚಪ್ಪಡಿ ಹಾಸಿದ ಮನೆ, ಇಬ್ಬರು ಸೇರಿ ಎತ್ತಬೇಕಾದ ಬಾಗಿಲು. ಗಿರಾಕಿ ಕೇಳದಿದ್ದರೂ ಒಂದು ಸುತ್ತು ದಪ್ಪ ಹಾಕಿಕೊಡುವುದನ್ನೇ ನಾವು ಪ್ರಾಮಾಣಿಕತೆ ಎಂದುಕೊಂಡಿದ್ದವರು. ಸೊಣ್ಣಪ್ಪನವರ ಕಾರು ಗೇಟು ದಾಟುವ ಮೊದಲೇ ನಾನು ಹೇಳಿದೆ: "ಎಂಟು ಎಂಎಂ ಹಾಕಿಬಿಡಿ ಸಾಬ್. ಊರಿನ ಹೆಸರು ಉಳೀಲಿ."

ಅಬ್ಬಾಸ್ ಸಾಬರು ಕನ್ನಡಕ ಹಣೆಗೇರಿಸಿದರು. "ಡ್ರಾಯಿಂಗ್‌ನಲ್ಲಿ ಐದು ಬರ್ದವ್ರೆ ಸಾರ್. ನೀರಿನ ಮೇಲೆ ಹೋಗೋ ಸಾಮಾನು, ನಮಗೇನು ಗೊತ್ತು? ಒಂದ್ ಫೋನ್ ಮಾಡಿ ಕೇಳಣ."

"ದಪ್ಪ ಹಾಕಿದ್ದಕ್ಕೆ ಯಾರಾದ್ರೂ ಬೈತಾರೇನ್ರೀ?" ಎಂದೆ. ನಕ್ಕೆ ಕೂಡ. ಫೋನ್ ಮಾಡಲಿಲ್ಲ.

ನಾಲ್ಕು ತಿಂಗಳ ನಂತರ, ಟಗ್ ನಿಂತಿದ್ದ ಕರಾವಳಿಯ ಯಾರ್ಡಿನಲ್ಲಿ, ಮೊದಲ ತುಂಡನ್ನು ಎತ್ತಿದಾಗ ಕ್ರೇನ್ ಆಪರೇಟರ್ ಕೆಳಗಿಳಿದು ಬಂದ. ಕಾಗದದಲ್ಲಿ ಮೂರು ಟನ್, ಅವನ ಮೀಟರಿನಲ್ಲಿ ನಾಲ್ಕು ಮುಕ್ಕಾಲು. ಮೀಟರ್ ಕೆಟ್ಟಿದೆ ಎಂದು ವಾದಿಸಿದವನು ನಾನೇ. ಮೂರೂ ತುಂಡುಗಳನ್ನು ಕೂರಿಸಿ ಬೆಸೆದೆವು.

ಆಮೇಲೆ ಇನ್‌ಕ್ಲೈನಿಂಗ್ ಟೆಸ್ಟ್. ದೋಣಿ ವಾಲಿದರೆ ತಾನಾಗಿ ಎದ್ದು ನಿಲ್ಲುತ್ತದೆಯೇ ಎಂದು ತಿಳಿಯುವ ಪರೀಕ್ಷೆ ಇದು. ಡೆಕ್ಕಿನ ಒಂದು ಬದಿಯ ಕಾಂಕ್ರೀಟ್ ತೂಕಗಳನ್ನು ಇನ್ನೊಂದು ಬದಿಗೆ ಸರಿಸುತ್ತಾರೆ. ಒಳಗೆ ಗಾರೆಯವರ ತೂಗುಗುಂಡಿನಂಥದ್ದೇ ಒಂದು ಗುಂಡನ್ನು ಉದ್ದ ದಾರಕ್ಕೆ ಕಟ್ಟಿ ಇಳಿಬಿಟ್ಟಿರುತ್ತಾರೆ; ಅದು ಎಷ್ಟು ಸರಿಯಿತು ಎಂದು ಅಳೆಯುತ್ತಾರೆ. ನಲವತ್ತು ಎಂಎಂ ಸರಿಯಬೇಕಿದ್ದ ಗುಂಡು ಎಪ್ಪತ್ತೈದು ಸರಿಯಿತು. ಅಂದರೆ ದೋಣಿಗೆ ತಲೆಭಾರ. ತಳಕ್ಕೆ ತೂಕ ತುಂಬಿ ಸರಿದೂಗಿಸೋಣವೆಂದರೆ ದೋಣಿ ಕುಸಿದು ಡೆಕ್ ನೀರಿಗೆ ತೀರ ಹತ್ತಿರವಾಗುತ್ತಿತ್ತು. ದೋಣಿ ಪರೀಕ್ಷಿಸಲು ಬಂದಿದ್ದ ಸರ್ವೇಯರ್ ಒಬ್ಬ ಹೆಂಗಸು, ಮಿತಭಾಷಿ. ಗೋಡೆಗೆ ಅಳತೆಯ ಉಪಕರಣ ಹಿಡಿದು ನೋಡಿ ಕೇಳಿದರು: "ಎಂಟು ಎಂಎಂ ಹಾಕಿ ಅಂತ ಹೇಳಿದ್ದು ಯಾರು?"

ಸೊಣ್ಣಪ್ಪನವರು ನನ್ನ ಕಡೆ ತಿರುಗಿದರು. ಅಬ್ಬಾಸ್ ಸಾಬರು ನಾಲ್ಕು ಹೆಜ್ಜೆ ಆಚೆ ಹಗ್ಗ ಸುತ್ತುತ್ತಿದ್ದರು.

"ಫೋರ್‌ಮನ್ ಹಾಕಿಬಿಟ್ಟಿದ್ದಾರೆ. ನನ್ನ ಗಮನಕ್ಕೆ ಬರಲಿಲ್ಲ," ಎಂದೆ.

ನನ್ನ ಹಳೆಯ ಕಥೆಗಳಲ್ಲಿ ಇಲ್ಲಿ ಅಬ್ಬಾಸ್ ಸಾಬರು "ಹೋಗ್ಲಿ ಬಿಡಿ ಸಾರ್" ಎನ್ನುತ್ತಾರೆ. ಒಂದರಲ್ಲಿ ನನ್ನ ಭುಜ ಮುಟ್ಟುತ್ತಾರೆ. ನಿಜದಲ್ಲಿ ಅವರು ಹಗ್ಗ ಸುತ್ತುವುದನ್ನು ಮುಗಿಸಿ, ಗಂಟು ಹಾಕಿ, ಕೆಳಗಿಟ್ಟರು. "ಇಂಥೋರನ್ನ ಯಾಕಪ್ಪ ಇಟ್ಕೊಂಡಿದೀರಾ?" ಎಂದದ್ದು ಸೊಣ್ಣಪ್ಪನವರು. ಮುಂದಿನ ವಾರ ಅಬ್ಬಾಸ್ ಸಾಬರನ್ನು ಕೆಲಸದಿಂದ ತೆಗೆದರು. ಆ ಪತ್ರಕ್ಕೆ ಸಹಿ ನನ್ನದು.

ಮೇಲುಮನೆಯನ್ನು ಕತ್ತರಿಸಿ ಇಳಿಸಿದರು. ಸೊಣ್ಣಪ್ಪನವರ ಉತ್ಸಾಹವೂ ಅದರ ಜೊತೆ ಇಳಿಯಿತು. ಟಗ್ ಗುಜರಿಗೆ ಹೋಯಿತು. ಮೂರು ತುಂಡುಗಳಲ್ಲಿ ಒಂದು ಈಗ ಅವರ ಕ್ವಾರಿಯಲ್ಲಿ ಕಾವಲುಗಾರನ ಕೋಣೆ. ಬಂಡೆಯ ಮೇಲೆ ಎಂಟು ಎಂಎಂ ಗೋಡೆ, ಸಮುದ್ರದ ಕಡೆ ನೋಡಬೇಕಿದ್ದ ದುಂಡು ಕಿಟಕಿ. ಎಂಥ ಗಾಳಿಗೂ ಅದು ಅಲ್ಲಾಡುವುದಿಲ್ಲ.

ನಿವೃತ್ತನಾದ ಮೇಲೆ, ಹೋದ ವರ್ಷ, ಅಲೀಪುರಕ್ಕೆ ಹೋದೆ. ಅಬ್ಬಾಸ್ ಸಾಬರು ಮನೆಯ ಮುಂದೆಯೇ ಗ್ರಿಲ್ ಅಂಗಡಿ ಇಟ್ಟಿದ್ದರು. ಕ್ಷಮೆ ಕೇಳಲು ಹೋದವನು ಗೇಟು ಬೇಕು ಎಂದೆ. ಕುರ್ಚಿ ಹಾಕಿಸಿದರು, ಚಹಾ ತರಿಸಿದರು, ಮೊಮ್ಮಕ್ಕಳ ಬಗ್ಗೆ ವಿಚಾರಿಸಿದರು.

"ಶೀಟು ಎಷ್ಟು ಎಂಎಂ ಹಾಕ್ಲಿ ಸಾರ್?"

"ನಿಮಗೆ ತಿಳಿದ ಹಾಗೆ ಹಾಕಿ ಸಾಬ್."

ಅವರು ಆರ್ಡರ್ ಪುಸ್ತಕ ತೆರೆದು ನನ್ನ ತೊಡೆಯ ಮೇಲಿಟ್ಟರು. ಪೆನ್ನಿನ ಮುಚ್ಚಳ ತೆಗೆದು ಕೊಟ್ಟರು. "ಅಂಗಾಗಲ್ಲ ಸಾರ್. ಎಷ್ಟು ಅಂತ ನೀವೇ ಬರೀರಿ. ಕೆಳಗೆ ಸೈನ್ ಹಾಕಿ. ಬಾಯ್ಮಾತಿಗೆ ಕೆಲ್ಸ ಮಾಡೋದು ಬಿಟ್ಟಿದೀನಿ."

ಬಾಯಿಂದ ಕೊಟ್ಟ ಆದೇಶವೂ ನೀರಿನ ಹಾಗೆ, ತೀರ ತಗ್ಗಿನಲ್ಲಿ ನಿಂತವನ ಕಾಲಬುಡದಲ್ಲಿ ಹೋಗಿ ನಿಲ್ಲುತ್ತದೆ. ಮೂವತ್ತು ವರ್ಷದ ಕೆಲಸ ನನಗೆ ಕಲಿಸಿದ್ದು ಇಷ್ಟೇ. ಕಲಿತದ್ದು ತಗ್ಗಿನಲ್ಲಿ ನಿಂತು ಅಲ್ಲ.

ಎರಡು ಎಂಎಂ ಎಂದು ಬರೆದೆ. ಸಹಿ ಹಾಕಿದೆ. ಹೇಳಬೇಕೆಂದು ಹೋಗಿದ್ದ ಮಾತನ್ನು ಹೇಳಲಿಲ್ಲ. ಗೇಟು ಹೇಳಿದ ದಿನಕ್ಕೆ ಬಂತು. ಅಳೆದು ನೋಡಿದೆ: ಸರಿಯಾಗಿ ಎರಡು.