ಕೆಳಮನೆಯ ಶುಂಠಿ, ಮೇಲ್ಮನೆಯ ಡ್ರಮ್

ಕೆಳಮನೆಯ ಆಂಟಿ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: ಮಗಳ ಡ್ರಮ್ ಸದ್ದು ಇನ್ನೊಂದು ಸಲ ಕೇಳಿಸಿದರೆ ಅದು ಈ ಮನೆಯಲ್ಲಿರಬಾರದು. ಆರ್.ಕೆ.ಪುರಂನ ಸರ್ಕಾರಿ ಕ್ವಾರ್ಟರ್ಸಿನಲ್ಲಿ ಒಬ್ಬರ ನೆಲವೇ ಇನ್ನೊಬ್ಬರ ಸೂರು, ಅವರ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ಎರವಲು ತಂದ ಡ್ರಮ್ ಸೆಟ್ಟನ್ನು ವಾಪಸ್ ಕಳಿಸಿದೆವು. ಆದರೆ ಶಾಲೆಯ ಬ್ಯಾಂಡಿಗೆ ಆಯ್ಕೆ ಹತ್ತಿರ ಬಂದಿತ್ತು, ಮಗಳಿಗೆ ಅಭ್ಯಾಸ ಮಾಡಲು ಬೇರೆ ಜಾಗವಿರಲಿಲ್ಲ.

ಹಾಗಾಗಿ ಸದ್ದಿಲ್ಲದ ಡ್ರಮ್ ಮಾಡಲು ಹೊರಟೆ. ಪ್ಲೈವುಡ್ಡು, ಸ್ಪಂಜು, ರಬ್ಬರು ಒಂದರ ಮೇಲೊಂದು ಅಂಟಿಸಿದ ಪ್ಯಾಡು. ಅದರೊಳಗೆ ಪೀಜೋ ಎಂಬ ಹಿತ್ತಾಳೆಯ ಬಿಲ್ಲೆ. ಪೆಟ್ಟು ಬಿದ್ದರೆ ಬಿಲ್ಲೆಯಿಂದ ಚೂರೇ ಚೂರು ಕರೆಂಟು ಹೊರಟು ಅದನ್ನು ಡ್ರಮ್ಮಿನ ಸದ್ದಾಗಿಸುವ ಮಾಡ್ಯೂಲ್ ಎಂಬ ಹಳೆಯ ಪೆಟ್ಟಿಗೆಗೆ ಹೋಗುತ್ತದೆ. ಹೆಡ್‌ಫೋನ್ ಹಾಕಿಕೊಂಡವರಿಗೆ ಮಾತ್ರ ಡ್ರಮ್ ಕೇಳಿಸುತ್ತದೆ.

ಬಿಲ್ಲೆಗಾಗಿ ಚಾಂದನಿ ಚೌಕದ ಕಡೆಯ ಎಲೆಕ್ಟ್ರಾನಿಕ್ಸ್ ಬಜಾರಿಗೆ ಹೋದೆ. ನಮ್ಮಜ್ಜಿ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಉಗುರಿನಿಂದ ತಟ್ಟಿ, ಕೊನೆಗೆ ಅಂಗಡಿಯವನ ಮುಖವನ್ನೂ ಒಮ್ಮೆ ಪರೀಕ್ಷಿಸಿ ಕೊಳ್ಳುತ್ತಿದ್ದಳು. ನಾನೂ ಅದೇ ಮನೆಯವನು. ಒಂದೊಂದೇ ಬಿಲ್ಲೆಯನ್ನು ಬೆಳಕಿಗೆ ಹಿಡಿದೆ. ನಡುವಿನ ಬಿಳಿಯ ಪದರದಲ್ಲಿ ಕೂದಲೆಳೆಯ ಬಿರುಕಿದ್ದರೆ ಬದಿಗಿಟ್ಟೆ. ಜೇಬಿನಿಂದ ಮಲ್ಟಿಮೀಟರ್ ತೆಗೆದು, ತಟ್ಟಿದಾಗ ಅಂಕಿ ಜಿಗಿಯದಿದ್ದವನ್ನೂ ಬದಿಗಿಟ್ಟೆ. ಅಂಗಡಿಯವನು ಬಹಳ ಹೊತ್ತು ನೋಡಿದ.

“ಬಾಬೂಜಿ, ಬಜರ್ ಲೇ ರಹೇ ಹೋ ಯಾ ದಾಮಾದ್?”

ಬಿಲ್ಲೆಗೆ ಅಲ್ಲಿ ಬಜರ್ ಎಂದೇ ಹೆಸರು. ಅಳಿಯನನ್ನು ಹುಡುಕುವಾಗಲೂ ನಾನು ಇಷ್ಟು ತಟ್ಟಿ ನೋಡಲಾರೆನೇನೋ. ತಂತಿ ಹಚ್ಚಿಯೇ ಬಂದ ಬಿಲ್ಲೆಗಳೂ ಅವನಲ್ಲಿದ್ದವು. ಬೇರೆಯವರ ಬೆಸುಗೆಯನ್ನು ನಂಬುವುದುಂಟೇ? ತಂತಿಯಿಲ್ಲದ, ಅಗಲವಾದ ಬಿಲ್ಲೆಗಳನ್ನೇ ತಂದೆ.

ಬೆಸುಗೆ ನಡೆದದ್ದು ಬಾಲ್ಕನಿಯಲ್ಲಿ. ಹಿತ್ತಾಳೆಯ ಅಂಚು ಒರಟು ಜೀವ, ಎಷ್ಟು ಕಾವಾದರೂ ತಡೆದುಕೊಳ್ಳುತ್ತದೆ. ಬಿಳಿಯ ಪದರ ಹಾಗಲ್ಲ. ಸೋಲ್ಡರಿಂಗ್ ಐರನ್ ಒಂದು ಗಳಿಗೆ ಹೆಚ್ಚು ನಿಂತರೆ ಮೇಲಿನ ಬೆಳ್ಳಿ ಲೇಪವೇ ಎದ್ದು ಬರುತ್ತದೆ. ತಂತಿಯ ತುದಿಗೆ ಮೊದಲೇ ಸೋಲ್ಡರ್ ಹಿಡಿಸಿ, ಬಿಲ್ಲೆಯ ಮೇಲೂ ಒಂದು ಹನಿ ಇಟ್ಟು, ಎರಡನ್ನೂ ತಾಗಿಸಿ ತಟಕ್ಕನೆ ಕೈ ತೆಗೆಯಬೇಕು. ಮೊದಲೆರಡು ಕೆಟ್ಟವು. ಬಿಲ್ಲೆಯೇ ಕಳಪೆ ಎಂದು ಅಂಗಡಿಯವನನ್ನು ಬೈದುಕೊಂಡೆ. ಉಳಿದವು ಕೂತವು. ಕೈಗೆ ಬಾರಿಸುವ ಪ್ಯಾಡುಗಳು ಸ್ಟೂಲಿನ ಮೇಲೆ, ಕಾಲಿನಿಂದ ಒತ್ತುವ ದೊಡ್ಡ ಡ್ರಮ್ಮಿನ ಪ್ಯಾಡು ನೆಲದ ಮೇಲೆ.

ಮಗಳು ಬಾರಿಸಿದಳು. ನಮಗೆ ಕೇಳಿಸಿದ್ದು ರಬ್ಬರಿನ ಟಪಟಪ ಮಾತ್ರ. ಮಾರನೆಯ ಸಂಜೆಯೇ ಆಂಟಿ ಮತ್ತೆ ಬಂದರು. ಧಮ್ ಧಮ್ ಎಂದು ಇನ್ನೂ ಕೇಳಿಸುತ್ತಿದೆ, ಭಾನುವಾರದವರೆಗೆ ನೋಡುತ್ತೇನೆ, ಆಮೇಲೆ ಇದೂ ಹೋಗಬೇಕು ಎಂದರು. ನನ್ನ ಹೆಂಡತಿ, ಪಕ್ಕದ ಕೋಣೆಯಲ್ಲಿದ್ದ ತನಗೇ ಕೇಳಿಸದ್ದು ಇವರಿಗೆ ಹೇಗೆ ಕೇಳಿಸಿತು ಎಂದು ಗೊಣಗಿದಳು. ಯಾರ ಮನೆಗೆ ಯಾವ ಪಾರ್ಸೆಲ್ ಬಂತೆಂದು ಮೆಟ್ಟಿಲಲ್ಲೇ ತಿಳಿಯುವವರು ಆಂಟಿ. ಗೋಡೆಗೆ ಕಿವಿ ಅಂಟಿಸಿಕೊಂಡು ಹುಟ್ಟಿದವರು ಎಂದು ನಮ್ಮಜ್ಜಿ ಹೇಳುತ್ತಿದ್ದದ್ದು ಇಂಥವರಿಗೇ. ಕೇಳಿಸದಿದ್ದರೂ ಕೇಳಿಸಿತು ಎನ್ನುತ್ತಿದ್ದಾರೆ ಎಂದು ನಾವಿಬ್ಬರೂ ತೀರ್ಮಾನಿಸಿದೆವು.

ಅದೇ ವಾರ ಮಗಳದ್ದು ಇನ್ನೊಂದು ದೂರು.

“ಅಪ್ಪಾ, ಕಾಲಿನ ಪ್ಯಾಡ್ ತಾನೇ ಬಾರಿಸ್ಕೊಳ್ತಿದೆ. ನಾನು ಟಚ್ ಕೂಡ ಮಾಡಿಲ್ಲ, ಸಚ್ಚಿ.”

ಅವಳನ್ನೂ ನಂಬಲಿಲ್ಲ. ಬೆಸುಗೆ ಬಿಚ್ಚಿ ಮತ್ತೆ ಹಾಕಿದೆ, ತಂತಿ ಬದಲಿಸಿದೆ. ಭಾನುವಾರ ಸಂಜೆ ಯಾರೂ ಹತ್ತಿರ ಬರಬೇಡಿ ಎಂದು ಹೇಳಿ, ಹೆಡ್‌ಫೋನ್ ಹಾಕಿಕೊಂಡು ಆ ಪ್ಯಾಡಿನ ಮುಂದೆ ಕಳ್ಳನನ್ನು ಕಾಯುವವನ ಹಾಗೆ ಕುಳಿತೆ. ಧಮ್, ಧಮ್, ಧಮ್. ಬಿಡುವು. ಮತ್ತೆ ಧಮ್. ಅಷ್ಟರಲ್ಲಿ ಬಾಲ್ಕನಿಯಿಂದ ಶುಂಠಿ ಚಹಾದ ವಾಸನೆ ಬಂತು. ನೆಲಕ್ಕೆ ಅಂಗೈ ಇಟ್ಟೆ. ನೆಲ ಸಣ್ಣಗೆ ನಡುಗುತ್ತಿತ್ತು.

ಕೆಳಗಿಳಿದು ಹೋದರೆ ಆಂಟಿ ಅಡುಗೆಮನೆಯ ನೆಲದಲ್ಲಿ ಕುಳಿತು ಕಬ್ಬಿಣದ ಕುಟ್ಟಣಿಯಲ್ಲಿ ಶುಂಠಿ ಕುಟ್ಟುತ್ತಿದ್ದರು. ಅವರು ಕುಟ್ಟುವ ಪೆಟ್ಟು ಗೋಡೆ ಹತ್ತಿ ನಮ್ಮ ಬಿಲ್ಲೆಗೆ ಬರುತ್ತಿತ್ತು. ಹಾಗಿದ್ದ ಮೇಲೆ ಮಗಳ ಕಾಲಿನ ಪೆಟ್ಟು ಗೋಡೆಯಿಳಿದು ಅವರ ತಲೆಯ ಮೇಲೆ ಬೀಳದೆ ಇರುತ್ತದೆಯೇ? ನಿಮ್ಮ ಮಾತೇ ನಿಜ, ನಿಮ್ಮ ಶುಂಠಿಯೂ ನಮಗೆ ಕೇಳಿಸುತ್ತಿದೆ ಎಂದು ಒಪ್ಪಿಕೊಂಡೆ. ಸಮಾಧಾನವಾಗುತ್ತದೆ ಎಂದುಕೊಂಡಿದ್ದೆ. ಆಂಟಿಯ ಕೈ ಕುಟ್ಟಣಿಯಲ್ಲೇ ನಿಂತಿತು.

“ಅಚ್ಛಾ? ಔರ್ ಕ್ಯಾ ಕ್ಯಾ ಸುನಾಯೀ ದೇತಾ ಹೈ ಊಪರ್?”

ಇನ್ನೇನೂ ಕೇಳಿಸುವುದಿಲ್ಲ, ಮಾತು ಈ ಬಿಲ್ಲೆಗೆ ತಿಳಿಯುವುದಿಲ್ಲ ಎಂದೆ. ಅವರು ನಂಬಲಿಲ್ಲ. ಗಂಡನನ್ನು ಕುಟ್ಟಣಿಯ ಮುಂದೆ ಕೂರಿಸಿ, ಮೇಲೆ ಬಂದು, ದುಪಟ್ಟಾದ ಮೇಲೆಯೇ ಹೆಡ್‌ಫೋನ್ ಏರಿಸಿಕೊಂಡರು. ಧಮ್ ಧಮ್ ಕೇಳಿಸಿತು. ಈಗ ಮಾತಾಡಿ ಎಂದು ಬಾಲ್ಕನಿಯಿಂದ ಗಂಡನಿಗೆ ಅಪ್ಪಣೆಯಾಯಿತು. ಏನೂ ಕೇಳಿಸಲಿಲ್ಲ. ಆದರೆ ಆಂಟಿ ತಲೆಯಾಡಿಸಿದರು. ಇವರು ಮನೆಯಲ್ಲೂ ಮಾತಾಡುವವರಲ್ಲ, ಆದ್ದರಿಂದ ಇದು ಪುರಾವೆಯಲ್ಲ ಎಂದರು.

ಪೆಟ್ಟಿನ ಅದುರು ನೆಲಕ್ಕೆ ಇಳಿಯದಂತೆ ಎರಡು ಹಲಗೆಗಳ ನಡುವೆ ಟೆನಿಸ್ ಚೆಂಡುಗಳನ್ನು ಕೂರಿಸಿ ಕಾಲಿನ ಪ್ಯಾಡನ್ನು ಅದರ ಮೇಲಿಟ್ಟೆ. ಆಂಟಿ ತಮ್ಮ ಮನೆಯ ಮೂಲೆಮೂಲೆಯಲ್ಲಿ ನಿಂತು ಆಲಿಸಿ, ಸದ್ದಿಲ್ಲ ಎಂದು ಒಪ್ಪಿದರು. ನಮಗೂ ಶುಂಠಿ ಕೇಳಿಸುವುದು ನಿಂತಿತು. ಅದನ್ನು ಮಾತ್ರ ಅವರು ಒಪ್ಪಲಿಲ್ಲ. ಮಗಳು ಬಾರಿಸಬಹುದು, ಆದರೆ ಮಧ್ಯಾಹ್ನ ತಾವು ತಂಗಿಯ ಜೊತೆ ಫೋನಿನಲ್ಲಿ ಮಾತಾಡುವ ಹೊತ್ತಿಗೆ ಕಾಲಿನ ಪ್ಯಾಡಿನ ತಂತಿ ಮಾಡ್ಯೂಲಿನಲ್ಲಿರಬಾರದು, ಅದು ತಮ್ಮ ಕಣ್ಣಿಗೂ ಕಾಣಬೇಕು ಎಂದು ಕರಾರಾಯಿತು.

ಮಗಳು ಬ್ಯಾಂಡಿಗೆ ಸೇರಿದಳು. ಈಗಲೂ ರಜೆಯ ಮಧ್ಯಾಹ್ನ ಅವಳು ತಂತಿ ಕಿತ್ತು ಬಾಲ್ಕನಿಯ ಕಂಬಿಯಿಂದ ಕೆಳಕ್ಕೆ ಇಳಿಬಿಡುತ್ತಾಳೆ. ಕೆಳಗಿನಿಂದ ಒಂದು ಕೈ ಬಂದು ಅದನ್ನು ಸ್ವಲ್ಪ ಜಗ್ಗಿ ನೋಡುತ್ತದೆ. ಆಮೇಲೆಯೇ ಫೋನಿನ ಮಾತು ಶುರು.