ಏಕಾದಶಿ ಮಾಡಿದ ಮೊಲ

ನಮ್ಮ ಮನೆಯಲ್ಲಿ ಊಟ ಮಾಡುವವರಿಗಿಂತ ಊಟ ಬಿಡುವವರಿಗೆ ಮರ್ಯಾದೆ ಹೆಚ್ಚು. ನನ್ನ ಮಾವ ಮಡಿಕೇರಿಯ ಒಂದು ಸಣ್ಣ ದೇವಸ್ಥಾನದ ಅರ್ಚಕರು. ಏಕಾದಶಿ ಬಂತೆಂದರೆ ಅನ್ನ ಮುಟ್ಟುವುದಿಲ್ಲ. ಅನ್ನ ಒಂದನ್ನೇ ಮುಟ್ಟುವುದಿಲ್ಲ. ಗೋಧಿ ದೋಸೆ, ಉಪ್ಪಿಟ್ಟು, ಬಾಳೆಹಣ್ಣಿನ ರಸಾಯನ, ಸಂಜೆಗೆ ಗೋಡಂಬಿ ಹಾಕಿದ ಸಬ್ಬಕ್ಕಿ ಪಾಯಸ, ಎಲ್ಲವೂ ಉಪವಾಸದ ಲೆಕ್ಕಕ್ಕೇ ಸೇರುತ್ತವೆ. ಇದನ್ನೆಲ್ಲ ಬೇಯಿಸಿ ಬಡಿಸುವ ಅತ್ತೆ ಮಾತ್ರ ನಿಜವಾಗಿ ಏನೂ ತಿನ್ನುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಹಿಡಿದುಕೊಂಡು ಅಡುಗೆಮನೆಯ ಮೂಲೆಯಲ್ಲಿ ಮುದುಡಿ ಕೂರುತ್ತಾರೆ. ಮಾವ ಮನೆಗೆ ಬಂದವರಿಗೆ ಅವರನ್ನು ತೋರಿಸಿ, "ನಮ್ಮನೆಯವಳದ್ದು ಭಾರೀ ಕಟ್ಟುನಿಟ್ಟು" ಎನ್ನುತ್ತಾರೆ. ಹೇಳುವಾಗ ಕೈಯಲ್ಲಿ ದೋಸೆ ಇರುತ್ತದೆ.

ಇಂಥ ಮನೆಗೆ ನಾನೊಂದು ಮೊಲ ತಂದೆ. ನಾನು ಪಾಠ ಮಾಡುವ ಶಾಲೆಯಿಂದ ವರ್ಗವಾಗಿ ಹೋದ ಟೀಚರೊಬ್ಬರು ಬಿಟ್ಟುಹೋದದ್ದು. ಮಾವನ ತಕರಾರು ಒಂದೇ: ಹಿಕ್ಕೆ. ಎಲ್ಲಿ ನೋಡಿದರೂ ಮೆಣಸಿನ ಕಾಳಿನ ಹಾಗೆ ಉದುರಿಸಿಕೊಂಡು ಓಡಾಡುತ್ತದೆ, ಮಡಿಯೆಲ್ಲ ಹಾಳು ಎಂದು ದಿನಕ್ಕೆ ನಾಲ್ಕು ಸಲ ಕೂಗಾಡುತ್ತಿದ್ದರು. ಅತ್ತೆ ಮಾತಿಲ್ಲದೆ ಗುಡಿಸುತ್ತಿದ್ದರು. ಗುಡಿಸುತ್ತಾ ಗುಡಿಸುತ್ತಾ ಮೊಲ ಅವರದೇ ಆಗಿಹೋಯಿತು. ನಮ್ಮ ಯಾರೊಂದಿಗೂ ಆಡದಷ್ಟು ಮಾತನ್ನು ಅವರು ಅದರೊಂದಿಗೆ ಆಡುತ್ತಿದ್ದರು. ಕೊತ್ತಂಬರಿ ಸೊಪ್ಪಿನ ದಂಟು ಹಿಡಿದು "ಬಾರೇ" ಎಂದರೆ ಸಾಕು, ಅದು ಹಜಾರದಿಂದ ಹಾರಿಬರುತ್ತಿತ್ತು.

ಆ ಏಕಾದಶಿಯ ಬೆಳಿಗ್ಗೆ ಅತ್ತೆ ಕರೆದರೂ ಅದು ಬರಲಿಲ್ಲ. ಹುಲ್ಲು ಹಿಂದಿನ ಸಂಜೆ ಹಾಕಿದ ಹಾಗೇ ಬಿದ್ದಿತ್ತು. ಒಲೆಯ ಹಿಂದಿನ ಮೂಲೆಯಲ್ಲಿ ಬೆನ್ನು ಗೂನು ಮಾಡಿಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು ಕೂತಿತ್ತು. ಅತ್ತೆ ದಂಟನ್ನು ಮೂಗಿನ ಹತ್ತಿರ ಹಿಡಿದರೆ ಮುಖ ತಿರುಗಿಸಿತು.

ಪೂಜೆ ಮುಗಿಸಿ ಬಂದ ಮಾವ ಅದನ್ನು ನೋಡಿ ಪುಳಕಗೊಂಡರು. "ಏಕಾದಶಿ ಮಾಡ್ತಾ ಉಂಟು ಮಾರಾಯ್ತಿ! ಇದಕ್ಕಿರುವ ಜ್ಞಾನ ಈಗಿನ ಮನುಷ್ಯರಿಗಿಲ್ಲ." ಈ ಕೊನೆಯ ಮಾತು ಬಿಸಿ ಇಡ್ಲಿ ತಿನ್ನುತ್ತಿದ್ದ ನನಗೆ. ಬಗ್ಗಿ ಕಿವಿಗೊಟ್ಟು ಕೇಳಿದರು. ಮೊಲ ಹಲ್ಲು ಕಟಕಟ ಕಡಿಯುತ್ತಿತ್ತು. "ಜಪ ಬೇರೆ!" ಎಂದರು. ಆಮೇಲೆ ನೆಲ ನೋಡಿದರು. ಒಂದೇ ಒಂದು ಹಿಕ್ಕೆ ಇರಲಿಲ್ಲ. ಉಪವಾಸ, ಜಪ, ಶುಚಿ ಮೂರೂ ಕೂಡಿಬಂದ ಮೇಲೆ ಅವರನ್ನು ಹಿಡಿಯುವವರು ಯಾರು? ಫೋಟೋ ತೆಗೆದು ದೇವಸ್ಥಾನದ ವಾಟ್ಸಾಪ್ ಗುಂಪಿಗೆ ಹಾಕಿದರು. ಕೈಮುಗಿಯುವ ಚಿತ್ರಗಳು ಸಾಲುಗಟ್ಟಿ ಬಂದವು. ಪಕ್ಕದ ಬೀದಿಯ ದಂಪತಿ ದರ್ಶನಕ್ಕೇ ಬಂದುಬಿಟ್ಟರು, ಅವರಿಗೂ ದೋಸೆಯಾಯಿತು.

ನನಗೆ ಸಮಾಧಾನವಾಗಲಿಲ್ಲ. ಹಗಲಿಡೀ ಉದುರಿಸುವ ಪ್ರಾಣಿ ಒಂದು ಹಿಕ್ಕೆಯನ್ನೂ ಹಾಕಿಲ್ಲ ಎಂದರೆ ಅದನ್ನು ಶುಚಿ ಎನ್ನುವುದು ಹೇಗೆ? ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಗಂಡನನ್ನು ಕೇಳಿದೆ. "ನಾಳೆವರೆಗೆ ನೋಡುವ" ಎಂದರು. ಅವರ ಮೇಜಿಗೆ ಬಂದ ಯಾವುದಕ್ಕೂ ಅವರು ಹೇಳುವುದು ಅದನ್ನೇ. ಮೊಲ, ಪಾಪ, ಅರ್ಜಿ ಹಾಕಿರಲಿಲ್ಲ.

ಕುಶಾಲನಗರದಲ್ಲಿ ಮೊಲ, ಗಿಳಿ ಎಲ್ಲ ನೋಡುವ ಪಶುವೈದ್ಯರೊಬ್ಬರಿದ್ದಾರೆ. ಅವರಿಗೆ ಫೋನ್ ಮಾಡಿದೆ.

"ಕಿವಿ ಮುಟ್ಟಿ ನೋಡಿ" ಎಂದರು.

ಮುಟ್ಟಿದೆ. ಯಾವಾಗಲೂ ಬೆಚ್ಚಗಿರುವ ಕಿವಿ ತಣ್ಣಗಿತ್ತು. ನಿನ್ನೆ ಸಂಜೆಯಿಂದ ತಿಂದಿಲ್ಲ, ಹಿಕ್ಕೆಯಿಲ್ಲ, ಹಲ್ಲು ಕಡಿಯುತ್ತಿದೆ ಎಂದೆ. ಇವತ್ತು ಏಕಾದಶಿಯಾದ್ದರಿಂದ ಮನೆಯಲ್ಲಿ ಹೀಗೆ ತಿಳಿದುಕೊಂಡಿದ್ದಾರೆ ಎಂದೂ ನಾಚಿಕೆಯಿಂದ ಸೇರಿಸಿದೆ.

"ಮೊಲಕ್ಕೆ ಏಕಾದಶಿ ಇಲ್ಲ ಮೇಡಂ. ಅರ್ಧ ದಿನ ತಿನ್ನದೆ ಮೂಲೆಯಲ್ಲಿ ಮುದುಡಿ ಕೂತ್ರೆ ಅದು ಕಾಯಿಲೆ. ಹಲ್ಲು ಕಡಿಯೋದು ನೋವಿಗೆ. ಹೊಟ್ಟೆಯ ಕೆಲಸ ನಿಂತುಹೋಗಿದೆ. ನಾಳೆ ಅಂದ್ರೆ ಮೊಲ ಉಳಿಯೋದಿಲ್ಲ. ಬಾಯಿಗೆ ಎಂತದೂ ಸುರೀಬೇಡಿ, ಬೆಚ್ಚಗೆ ಸುತ್ತಿ ಈಗಲೇ ತನ್ನಿ."

ಸ್ಪೀಕರ್ ಹಾಕಿದ್ದೆ, ಎಲ್ಲರೂ ಕೇಳಿಸಿಕೊಂಡರು. ಆದರೂ ಮಾವ, "ದ್ವಾದಶಿ ಪಾರಣೆ ಆದಮೇಲೆ ತಾನೇ ತಿನ್ನುತ್ತೆ, ಡಾಕ್ಟ್ರುಗಳಿಗೆ ಎಂತ ಗೊತ್ತು" ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಎದ್ದರು. ದೇವರಕೋಣೆಗೆ ಹೋಗಿ, ಹಗ್ಗದ ಮೇಲಿದ್ದ ಮಾವನ ಧಾಬಳಿಯನ್ನು ಎಳೆದು ತಂದರು. ಪೂಜೆಗೆಂದೇ ಉಡುವ ಉಣ್ಣೆಬಟ್ಟೆ ಅದು, ಮಡಿಯಲ್ಲಿಲ್ಲದಾಗ ನಾವು ಯಾರೂ ಮುಟ್ಟುವಂತಿಲ್ಲ. ಮೊಲವನ್ನು ಅದರಲ್ಲಿ ಸುತ್ತಿ, ಹೋಗಿ ಕಾರಿನಲ್ಲಿ ಕೂತುಬಿಟ್ಟರು. ಧಾಬಳಿ ಹೋದ ಕಡೆ ಹೋಗದೆ ಇರಲಾರದೆ ಮಾವನೂ ಹಿಂದಿನ ಸೀಟಿಗೆ ಹತ್ತಿದರು.

ಗಂಡ ಕಾರು ಓಡಿಸಿದರು. ಎದುರಿನಿಂದ ಪ್ರವಾಸಿಗರ ಗಾಡಿಗಳು, ಪ್ರತಿ ತಿರುವಿನಲ್ಲೂ ಮಂಜಿನ ಜೊತೆ ಸೆಲ್ಫಿ. ಅತ್ತೆ ದಾರಿಯುದ್ದಕ್ಕೂ ಮೊಲದ ಕಿವಿಗಳನ್ನು ಅಂಗೈಯೊಳಗೆ ಹಿಡಿದುಕೊಂಡಿದ್ದರು. ಅವರು ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಅವತ್ತು.

ಡಾಕ್ಟರು ಮೊಲದ ಹೊಟ್ಟೆ ಒತ್ತಿ ನೋಡಿ, "ನಿನ್ನೆ ಏನು ಕೊಟ್ಟಿದ್ರಿ?" ಎಂದರು. ದಿನಾ ದೇವಸ್ಥಾನದಿಂದ ಪೊಟ್ಟಣ ಹಿಡಿದು ಬರುವ ಮಾವನ ಕಡೆ ಎಲ್ಲರೂ ನೋಡಿದೆವು.

"ಪ್ರಸಾದ" ಎಂದರು ಮಾವ. "ಸ್ವಲ್ಪ ಪಂಚಕಜ್ಜಾಯ."

"ಸ್ವಲ್ಪ ಅಂದ್ರೆ?"

"ಅದು ಕೇಳ್ತಾ ಇತ್ತು. ಪ್ರಸಾದ ಬೇಡ ಅನ್ಲಿಕ್ಕೆ ಆಗ್ತದಾ?"

"ಬೆಲ್ಲ, ಕಾಯಿ, ಕಡಲೆ ನೀವು ತಿನ್ನಿ ಸ್ವಾಮಿ. ಅದಕ್ಕೆ ಹುಲ್ಲು ಕೊಡಿ."

ನೋವಿಗೊಂದು, ಹೊಟ್ಟೆ ನಡೆಸಲಿಕ್ಕೊಂದು ಇಂಜೆಕ್ಷನ್ ಆಯಿತು. ಚರ್ಮದಡಿಗೆ ಸೂಜಿಯಿಂದ ಸಲೈನ್ ಕೊಟ್ಟರು. ಹೊಟ್ಟೆ ಊದಿಲ್ಲ, ಇನ್ನು ತಿನ್ನಿಸಬಹುದು ಎಂದು, ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಬದಿಯಲ್ಲಿ ಹಿಟ್ಟಿನಂಥ ಆಹಾರವನ್ನು ತೊಟ್ಟುತೊಟ್ಟಾಗಿ ಹಾಕುವುದನ್ನು ಅತ್ತೆಗೆ ತೋರಿಸಿಕೊಟ್ಟರು. ಹೀಗೆ ಏಕಾದಶಿಯ ದಿನವೇ ಮೊಲದ ವ್ರತಭಂಗವಾಯಿತು. ಹಿಕ್ಕೆ ಹಾಕಿದರೆ ಬದುಕಿತು ಎಂದರು ಡಾಕ್ಟರು.

ಮರುದಿನ ನಮ್ಮ ಮನೆಯಲ್ಲಿ ಪಾರಣೆಗೆ ಕಾದವರು ಯಾರೂ ಇಲ್ಲ, ಎಲ್ಲರೂ ಹಿಕ್ಕೆಗೆ ಕಾದೆವು. ಮೊದಲು ಕಂಡವರು ಮಾವ. ಧಾಬಳಿಯ ಮಡಿಕೆಯಲ್ಲಿ, ಸಾಸಿವೆಗಿಂತ ಚೂರು ದಪ್ಪ. "ಹಾಕಿತು! ಹಾಕಿತು!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕೂಗಿದರು. ವಾಟ್ಸಾಪ್ ಗುಂಪಿಗೆ ಅದರ ಫೋಟೋ ಹೋಗಲಿಲ್ಲ. ಅಲ್ಲಿ ಮೊಲ ಇವತ್ತಿಗೂ ವ್ರತದಲ್ಲೇ ಇದೆ.

ಮುಂದಿನ ಏಕಾದಶಿಯ ಮಧ್ಯಾಹ್ನ ಮಾವ ಫಲಾಹಾರಕ್ಕೆ ಕೂತಿದ್ದರು. ಅತ್ತೆ ಉಪ್ಪಿಟ್ಟು ಬಡಿಸಿದರು. ಆಮೇಲೆ ಇನ್ನೊಂದು ತಟ್ಟೆ ತಂದು, ತಾವೂ ಬಡಿಸಿಕೊಂಡು, ಅವರ ಎದುರಿಗೇ ಕೂತರು.

"ಇವತ್ತು ಏಕಾದಶಿ" ಎಂದರು ಮಾವ.

"ಗೊತ್ತುಂಟು. ಅರ್ಧ ದಿನ ತಿನ್ನದೆ ಮೂಲೆಯಲ್ಲಿ ಮುದುಡಿ ಕೂತ್ರೆ ಕಾಯಿಲೆ ಅಂತ ಡಾಕ್ಟ್ರು ಹೇಳಿದ್ದು ನೀವೂ ಕೇಳಿದ್ರಲ್ಲ." ಅತ್ತೆ ಒಂದು ತುತ್ತು ಬಾಯಿಗಿಟ್ಟುಕೊಂಡು, ನಿಧಾನವಾಗಿ ಅಗಿದು ನುಂಗಿದರು. "ನಾನು ಎಷ್ಟು ವರ್ಷ ಹಾಗೆ ಕೂತಿದ್ದೆ. ಒಬ್ಬರಾದ್ರೂ ನನ್ನ ಕಿವಿ ಮುಟ್ಟಿ ನೋಡಿದ್ರಾ?"

ಮಾವ ಸೌಟು ತೆಗೆದುಕೊಂಡು ಅತ್ತೆಯ ತಟ್ಟೆಗೆ ಇನ್ನಷ್ಟು ಉಪ್ಪಿಟ್ಟು ಹಾಕಿದರು. ಅವರ ಕಾಲ ಬಳಿ ಮೊಲ ಕರಕರ ಹುಲ್ಲು ತಿನ್ನುತ್ತಿತ್ತು.